ಸೂಲಗಿತ್ತಿಯೂ ಸೂತಿಕಾಗಾರವೂ: ಹೂವಿನಹಡಗಲಿ ಸೀಮೆಯ ತಾಂಡಾ ಹಟ್ಟಿಗಳ ಪ್ರಸವೋಪಚಾರದ ಚರಿತ್ರೆ

ಕನ್ನಡದಲ್ಲಿ ವೃತ್ತಿಯನ್ನು ಹೇಳುವ ಸ್ತ್ರೀಲಿಂಗ ಪದಗಳು ಬಹುಮಟ್ಟಿಗೆ ಪುಲ್ಲಿಂಗ ಪದಗಳ ಜೋಡಿಯಾಗಿಯೇ ಕಾಣಬರುತ್ತವೆ. ಒಕ್ಕಲಿಗನಿಗೆ ಒಕ್ಕಲಗಿತ್ತಿ, ಹೂವಾಡಿಗನಿಗೆ ಹೂವಾಡಗಿತ್ತಿ. ಈ ವರ್ಗದಲ್ಲಿ ಜೋಡಿಯಿಲ್ಲದೆ ಒಂಟಿಯಾಗಿ ನಿಂತ ಪದವೊಂದುಂಟು. ಅದು ಸೂಲಗಿತ್ತಿ ಎಂಬುದು. ಸೂಲು ಎಂದರೆ ಹೆರಿಗೆ. ಮೊದಲನೆಯ ಸೂಲಿನ ಎಮ್ಮೆ, ಎರಡನೆಯ ಸೂಲಿನ ಆಕಳು ಎಂದು ಒಕ್ಕಲುಮಕ್ಕಳು ಇಂದಿಗೂ ಹೇಳುವುದನ್ನು ಕೇಳುತ್ತೇವೆ. ತಮಿಳಿನ ಚೂಲ್, ತೆಲುಗಿನ ಚೂಲು ಎಂಬ ಪದಗಳು ಗರ್ಭವೆಂಬ ಅರ್ಥದಲ್ಲಿ ಇದಕ್ಕೆ ಜ್ಞಾತಿಗಳಾಗಿವೆ. ಆದುದರಿಂದ ಈ ಪದವು ಅಚ್ಚ ದೇಶ್ಯವೆಂಬುದರಲ್ಲಿ ಸಂದೇಹವಿಲ್ಲ. ಇದಕ್ಕೆ ಸರಿಸಾಟಿಯಾದ ಒಂಟಿ ಪದವು ಸಂಸ್ಕೃತದಲ್ಲಿ ಸುಲಭವಾಗಿ ದೊರೆಯದು. ಧಾತ್ರಿಯೆಂದರೆ ಮೊಲೆಯೂಡುವ ಸಾಕುತಾಯಿ, ಸೂತಿಕೆಯೆಂದರೆ ಹೆತ್ತವಳೇ. ಹೆರಿಗೆ ಮಾಡಿಸುವವಳನ್ನು ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಬಹುಮಟ್ಟಿಗೆ ವಿಶೇಷಣಗಳಿಂದ ಸೂಚಿಸುತ್ತವೆ. ಇನ್ನು ಬಾಣಂತಿ ಎಂಬ ಪದವೋ, ಬಾಲವತೀ ಎಂಬುದರ ತದ್ಭವವೆಂದು ತೋರುತ್ತದೆ. ಮರಾಠಿಯ ಬಾಳಂತೀಣ, ತೆಲುಗಿನ ಬಾಲೆಂತ ಎಂಬ ರೂಪಗಳನ್ನು ಹೋಲಿಸಿ ನೋಡಬಹುದು. ಹೆತ್ತವಳ ಹೆಸರು ಶಾಸ್ತ್ರದ ಭಾಷೆಯಿಂದ ಬಂದಿತು. ಹೆರಿಸಿದವಳ ಹೆಸರು ಈ ನೆಲದಲ್ಲಿಯೇ ಹುಟ್ಟಿತು.

ಪದವಿಚಾರವನ್ನು ಮೊದಲಿಗೆ ತಂದುದಕ್ಕೆ ಕಾರಣವಿದೆ. ಊರಿನಿಂದ ದೂರವಾದ ತಾಂಡಾ ಹಟ್ಟಿಗಳಲ್ಲಿ ಹೆರುವ ಹೆಂಗಸಿಗೆ ನೆರವು ಏಕೆ ತಲುಪಲಿಲ್ಲವೆಂದು ಕೇಳಿದರೆ, ದಾರಿಯ ದೂರವೇ ಕಾರಣವೆಂದು ಉತ್ತರ ಹೇಳುವುದು ವಾಡಿಕೆ. ಈ ಉತ್ತರವು ಸಾಲದು. ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಇವು ಮಲೆನಾಡುಗಳಲ್ಲ. ದಟ್ಟವಾದ ಕಾಡೂ ಇಲ್ಲಿಲ್ಲ. ತುಂಗಭದ್ರೆಯ ಬಲದಂಡೆಯಿಂದ ತೆಂಕಣಕ್ಕೆ ಹಬ್ಬಿದ ಬಯಲುಸೀಮೆಯಿದು. ಇಲ್ಲಿನ ಲಂಬಾಣಿಗರ ತಾಂಡಾಗಳೂ, ಕೂಡ್ಲಿಗಿ ಕಡೆಯ ಮ್ಯಾಸಬೇಡರ ಹಟ್ಟಿಗಳೂ ದುರ್ಗಮವಾದುದು ಪ್ರಕೃತಿಯಿಂದಲ್ಲ, ಚರಿತ್ರೆಯಿಂದ. ಮತ್ತು ಆ ಜನದ ನಡುವೆ ಹೆರಿಗೆಯ ವಿದ್ಯೆಯನ್ನು ಬಲ್ಲವಳೊಬ್ಬಳು ಯಾವಾಗಲೂ ಇದ್ದಳು. ಅವಳಿಂದ ಕಲಿತವರು ಅವಳನ್ನು ಹೆಸರಿಸಲಿಲ್ಲ. ಅವಳನ್ನು ತೆಗೆದುಹಾಕಿದವರು ಅವಳ ಸ್ಥಾನದಲ್ಲಿ ಮತ್ತೊಬ್ಬರು ಬಂದು ನಿಲ್ಲುವ ತನಕ ಕಾಯಲಿಲ್ಲ. ಈ ಎರಡು ಸಂಗತಿಗಳನ್ನು ಸಾಧಾರವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಶಾಸ್ತ್ರವನ್ನು ನೋಡೋಣ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವೂ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವೂ ಗರ್ಭಿಣಿಯ ಪಾಲನೆಯನ್ನೂ ಪ್ರಸವವನ್ನೂ ಸವಿಸ್ತರವಾಗಿ ಹೇಳುತ್ತವೆ. ಒಂಬತ್ತನೆಯ ತಿಂಗಳಲ್ಲಿ ಗರ್ಭಿಣಿಯು ಸೂತಿಕಾಗಾರವನ್ನು ಪ್ರವೇಶಿಸಬೇಕು. ಆ ಮನೆಯು ಎಂಟು ಮೊಳ ಉದ್ದ, ನಾಲ್ಕು ಮೊಳ ಅಗಲವಾಗಿ, ಅಂದರೆ ಸುಮಾರು 12 ಅಡಿಗೆ 6 ಅಡಿಯಾಗಿ, ಗೋಡೆಗಳು ಚೆನ್ನಾಗಿ ಮೆತ್ತಲ್ಪಟ್ಟು, ಬಾಗಿಲು ಪೂರ್ವಕ್ಕೋ ದಕ್ಷಿಣಕ್ಕೋ ಇರಬೇಕೆಂದು ಸುಶ್ರುತನ ಮತ. ಪ್ರಸವಕಾಲದಲ್ಲಿ ಬಳಿಯಿರತಕ್ಕ ಸ್ತ್ರೀಯರು ನಾಲ್ವರು. ಅವರು ವಯಸ್ಸಾದವರೂ, ಹೆರಿಗೆ ಮಾಡಿಸುವುದರಲ್ಲಿ ನುರಿತವರೂ, ಗರ್ಭಿಣಿಗೆ ಅಂಜಿಕೆಯುಂಟುಮಾಡದವರೂ ಆಗಿದ್ದು, ಕೈಯುಗುರುಗಳನ್ನು ಕತ್ತರಿಸಿಕೊಂಡಿರಬೇಕು. ಈ ಕೊನೆಯ ನಿಯಮವು ವಿಚಾರಾರ್ಹವಾದುದು. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿ ವೈದ್ಯರು ಕೈತೊಳೆದುಕೊಂಡೇ ಬಾಣಂತಿಯರನ್ನು ಮುಟ್ಟಬೇಕೆಂದು ವಿಧಿಸಿ, ಅದರಿಂದ ಬಾಣಂತಿ ಜ್ವರದ ಸಾವುಗಳು ಬಹಳವಾಗಿ ತಗ್ಗಿದುದನ್ನು ತೋರಿಸಿದರೂ, ಅವನ ಕಾಲದ ಪಂಡಿತರು ಅದನ್ನು ಒಪ್ಪದೆ ಹೋದರು. ಉಗುರಿನ ನಿಯಮವನ್ನು ಮಾಡಿದವರಿಗೆ ರೋಗಾಣುಗಳ ತಿಳಿವಳಿಕೆ ಇದ್ದಿತೆಂದು ಹೇಳುವವರ ಉತ್ಸಾಹವನ್ನು ನಾನು ಹಂಚಿಕೊಳ್ಳಲಾರೆನು. ಕಂಡು ಕಲಿತ ಅನುಭವವಿದ್ದಿತೆಂದರೆ ಸಾಕು.

ಆ ಅನುಭವವು ಯಾರದು? ಪ್ರಸವವೇದನೆ ತೊಡಗಿದ ಹೆಂಗಸಿನ ಕೈಗೆ ಒನಕೆ ಕೊಟ್ಟು ಧಾನ್ಯವನ್ನು ಕುಟ್ಟಿಸಬೇಕೆಂಬ ಪಕ್ಷವೊಂದನ್ನು ಚರಕಸಂಹಿತೆಯು ಎತ್ತಿಕೊಂಡು, ಆತ್ರೇಯನ ಮತದಿಂದ ಅದನ್ನು ನಿಷೇಧಿಸುತ್ತದೆ. ಗರ್ಭಿಣಿಗೆ ದಾರುಣವಾದ ವ್ಯಾಯಾಮವು ಯಾವಾಗಲೂ ವರ್ಜ್ಯವೆಂದೂ, ಆ ಸಮಯದಲ್ಲಂತೂ ಅದು ಪ್ರಾಣಕ್ಕೆ ಕಂಟಕವೆಂದೂ ಅಲ್ಲಿಯ ತಾತ್ಪರ್ಯ. ಪೂರ್ವಪಕ್ಷವಾಗಿ ಇಲ್ಲಿ ನಿಂತಿರುವುದು ಯಾವುದೋ ಸಂಹಿತೆಯಲ್ಲ, ಹಳ್ಳಿಯ ಹೆಂಗಸರ ರೂಢಿಯು. ಇನ್ನೊಂದೆಡೆಯಲ್ಲಿ ರೂಢಿಯನ್ನು ಶಾಸ್ತ್ರವು ಹಾಗೆಯೇ ಸ್ವೀಕರಿಸಿದೆ. ಮಾಸು ಬೀಳದೆ ನಿಂತಾಗ, ಕೂದಲು ಸುತ್ತಿದ ಬೆರಳಿನಿಂದ ಬಾಣಂತಿಯ ಗಂಟಲನ್ನು ತಡವಬೇಕೆಂದು ಸಂಹಿತೆಗಳು ಹೇಳುತ್ತವೆ. ಓಕರಿಕೆಯಿಂದ ಹೊಟ್ಟೆ ಬಿಗಿದು ಮಾಸು ಕೆಳಗಿಳಿಯುವುದೆಂಬುದು ಇದರ ಯುಕ್ತಿ. ನಮ್ಮ ಹಳ್ಳಿಗಳಲ್ಲಿ ಹಳೆಯ ಕಾಲದ ಸೂಲಗಿತ್ತಿಯರು ಬಾಣಂತಿಯ ಜಡೆಯ ತುದಿಯನ್ನೇ ಅವಳ ಬಾಯಿಗಿಟ್ಟು ಓಕರಿಕೆ ತರಿಸುತ್ತಿದ್ದರೆಂಬುದನ್ನು ಬಲ್ಲವರು ಬಲ್ಲರು. ಅಕ್ಷರವರಿಯದ ಮುದುಕಿಯು ಸುಶ್ರುತನನ್ನು ಓದಿ ಇದನ್ನು ಕಲಿತಳೆಂದು ಹೇಳುವುದಕ್ಕಿಂತ, ಸುಶ್ರುತನು ಅಂಥ ಮುದುಕಿಯರಿಂದ ಕೇಳಿ ಬರೆದನೆಂದು ಹೇಳುವುದು ಹೆಚ್ಚು ಯುಕ್ತಿಯುಕ್ತವಾಗಿದೆ.

ಇದು ಬರಿಯ ಊಹೆಯಲ್ಲ. ಔಷಧಿಗಳ ಹೆಸರನ್ನೂ ರೂಪವನ್ನೂ ಆಡು ಕುರಿ ದನಗಳನ್ನು ಕಾಯುವವರೂ ವನವಾಸಿಗಳೂ ಬಲ್ಲರೆಂದು ಚರಕನು ಸೂತ್ರಸ್ಥಾನದ ಮೊದಲ ಅಧ್ಯಾಯದಲ್ಲಿಯೇ ಒಪ್ಪಿಕೊಂಡಿದ್ದಾನೆ. ಸುಶ್ರುತನು ಗೋವಳರನ್ನೂ ತಾಪಸರನ್ನೂ ಹೇಳಿ, ಅವರೊಂದಿಗೆ ವ್ಯಾಧರನ್ನೂ ಹೆಸರಿಸುತ್ತಾನೆ. ವ್ಯಾಧರೆಂದರೆ ಬೇಡರು. (ಬೇಡ ಶಬ್ದವು ವ್ಯಾಧದ ತದ್ಭವವೆಂದು ಕೆಲವರೆನ್ನುವರು, ಬೇಟೆ ಎಂಬ ದೇಶ್ಯದೊಡನೆ ಅದಕ್ಕಿರುವ ನಂಟೇ ನನಗೆ ಸಹಜವಾಗಿ ತೋರುತ್ತದೆ.) ಆದಕಾರಣ ಬೇಡರ ಹಟ್ಟಿಯ ಹೆಂಗಸಿಗೆ ಪ್ರಸವೋಪಚಾರವನ್ನು ಹೊರಗಿನಿಂದ ಒಯ್ದು ಕೊಡಬೇಕೆಂಬ ಮಾತನ್ನಾಡುವಾಗ, ಆ ವಿದ್ಯೆಯ ಒಂದು ಪಾಲು ಅಂಥ ಹಟ್ಟಿಗಳಿಂದಲೇ ಗ್ರಂಥಕ್ಕೆ ಬಂದಿತೆಂಬುದನ್ನು ಮರೆಯಲಾಗದು.

ಆದರೆ ಗ್ರಂಥಕ್ಕೆ ಬಂದ ಮೇಲೆ ಅದು ಬೇರೆ ಮನೆಯ ವಿದ್ಯೆಯಾಯಿತು. ಸೂತಿಕಾಗಾರದ ನೆಲವು ಬಿಳಿದು, ಕೆಂಪು, ಹಳದಿ, ಕಪ್ಪು ಎಂದು ವರ್ಣಾನುಸಾರವಾಗಿ ಬೇರೆಬೇರೆಯಾಗಿರಬೇಕು. ಮಂಚಕ್ಕೆ ಬಿಲ್ವ, ಆಲ, ತೂಬರೆ, ಗೇರುಗಳ ಮರವು ಕ್ರಮವಾಗಿ ಬೇಕು. ನಾಲ್ಕು ವರ್ಣಗಳಿಗೆ ನಾಲ್ಕು ಬಗೆಯ ಮಣ್ಣನ್ನು ಹೇಳಿದ ಆಚಾರ್ಯನು ಐದನೆಯವರ ಮಾತನ್ನು ಎತ್ತಲಿಲ್ಲ. ಎಂಟು ಮೊಳದ ಪ್ರತ್ಯೇಕವಾದ ಮನೆಯನ್ನು ಒಂದು ಹೆರಿಗೆಗಾಗಿ ಕಟ್ಟಿಸಬಲ್ಲವನು ಸಂಪನ್ನ ಗೃಹಸ್ಥನೇ ಸರಿ. ಕನ್ನಡದ ವೈದ್ಯಗ್ರಂಥಗಳ ಗತಿಯೂ ಇದರಿಂದ ದೂರವಿಲ್ಲ. ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನು ಕನ್ನಡಿಸಿದನು; ಕೀರ್ತಿವರ್ಮನು ಗೋವೈದ್ಯವನ್ನು ಬರೆದನು; ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆಯನ್ನೂ, ಮಂಗರಾಜನು ವಿಷವೈದ್ಯವಾದ ಖಗೇಂದ್ರಮಣಿದರ್ಪಣವನ್ನೂ ರಚಿಸಿದರು. ದನಕ್ಕೂ ಶಿಶುವಿಗೂ ಹಾವು ಕಚ್ಚಿದವನಿಗೂ ಹೆಸರುವಾಸಿಯಾದ ಪ್ರತ್ಯೇಕ ಗ್ರಂಥಗಳು ಹುಟ್ಟಿದ ಈ ಭಾಷೆಯಲ್ಲಿ ಸೂಲಗಿತ್ತಿಯ ವಿದ್ಯೆಯು ಅವಳ ಕೈಯಲ್ಲಿಯೇ ಉಳಿಯಿತು.

ಇಲ್ಲಿ ಪ್ರಸಂಗವಶಾತ್ ಸೂತಕದ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಚಿತ್ರದುರ್ಗ ತುಮಕೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯಿಂದ ಹೊರಗೆ ಗುಡಿಸಲಲ್ಲಿ ಇರಿಸುವ ರೂಢಿಯಿದೆ. 2023ರ ಜುಲೈ ತಿಂಗಳ ಮಳೆಗಾಳಿಯಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿರಿಸಿದ ಕೂಸೊಂದು ತೀರಿಕೊಂಡಿತು. ಇಂತಹ ರೂಢಿಗೆ ಧರ್ಮಶಾಸ್ತ್ರದ ಆಶೌಚವಿಧಿಯನ್ನು ಆಧಾರವಾಗಿ ಹೇಳುವವರುಂಟು. ಇದು ಸರ್ವಥಾ ಅಂಗೀಕಾರಾರ್ಹವಲ್ಲ. ಜನನಾಶೌಚವು ದೇವಕಾರ್ಯ ಪಿತೃಕಾರ್ಯಗಳ ಅಧಿಕಾರಕ್ಕೆ ಸಂಬಂಧಿಸಿದ ನಿಯಮವು. ಬಾಣಂತಿಯನ್ನು ಗಾಳಿಗೂ ಚಳಿಗೂ ಒಡ್ಡಬೇಕೆಂಬ ವಿಧಿಯನ್ನು ಅದರಿಂದ ಹೊರಡಿಸಲಾಗದು. ಸೂತಿಕಾಗಾರವನ್ನು ಬೇರೆ ಮಾಡಿದುದು ರಕ್ಷಣೆಗಾಗಿ. ಅಲ್ಲಿ ಹಗಲಿರುಳು ಬೆಂಕಿಯು ಉರಿಯುತ್ತಿರಬೇಕು, ಸ್ನೇಹಿತೆಯರು ಎಚ್ಚರವಾಗಿ ಕಾದಿರಬೇಕು. ಕಾಪಿನ ಮನೆಯು ಕಾಲಕ್ರಮದಲ್ಲಿ ಹೊರಗಿನ ಗುಡಿಸಲಾಗಿ ಇಳಿಯಿತೋ, ಅಥವಾ ಎರಡು ಬೇರೆಬೇರೆ ಆಚಾರಗಳು ಒಂದೇ ಹೆಸರನ್ನು ಹೊದ್ದವೋ, ಬಲ್ಲವರು ವಿಚಾರಿಸಲಿ.

ಇನ್ನು ಶಾಸನಗಳ ಸಾಕ್ಷ್ಯ. ಹೆರಿಗೆಗಾಗಿ ಸಾರ್ವಜನಿಕವಾದ ಮನೆಯೊಂದನ್ನು ದಾನಶಾಸನವು ಹೆಸರಿಸುವ ಪ್ರಸಿದ್ಧ ಉದಾಹರಣೆಯು ಆಂಧ್ರದೇಶದ ಮಲ್ಕಾಪುರದ್ದು. ಕ್ರಿ. ಶ. 1261ರ ಆ ಶಾಸನದಲ್ಲಿ ಕಾಕತೀಯ ಗಣಪತಿದೇವನೂ ಅವನ ಮಗಳು ರುದ್ರಮದೇವಿಯೂ ಗೋಳಕೀ ಮಠದ ವಿಶ್ವೇಶ್ವರ ಶಂಭುವಿಗೆ ಕೊಟ್ಟ ಭೂಮಿಯಿಂದ ಮಠ, ವಿದ್ಯಾಭ್ಯಾಸ, ಸತ್ರಗಳ ಜೊತೆಗೆ ಆರೋಗ್ಯಶಾಲೆಗೂ ಪ್ರಸೂತಿಶಾಲೆಗೂ ಪಾಲು ಮಾಡಿದ ವಿವರವಿದೆ. ಕನ್ನಡನಾಡಿನಲ್ಲಿ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ದೀನರೂ ಅನಾಥರೂ ಆದ ರೋಗಿಗಳಿಗೆ ಅಲ್ಲಿ ಔಷಧವು ದೊರೆಯುತ್ತಿದ್ದುದನ್ನು ಹೇಳುತ್ತದೆ. ಹಡಗಲಿಯ ನೆಲವೂ ದಾನಕ್ಕೆ ಬಡವಾದುದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ದಂಡನಾಯಕ ರವಿದೇವನ ಪತ್ನಿ ರೆಬ್ಬಲದೇವಿಯು ಇಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದಳು. ಬಾಗಳಿ, ಹಿರೇಹಡಗಲಿ, ಮಾಗಳಗಳ ಗುಡಿಗಳು ಕಲ್ಲುಕೆಲಸಕ್ಕೆ ಹೆಸರಾಗಿವೆ. ಈ ಸೀಮೆಯ ದತ್ತಿಗಳು ನಂದಾದೀವಿಗೆಗೆ, ನೈವೇದ್ಯಕ್ಕೆ, ಕೆರೆಗೆ, ಓದುವ ಮಾಣಿಗಳಿಗೆ. ರೆಬ್ಬಲದೇವಿಯಂತಹ ದಾನಶೀಲೆಯಾದ ಹೆಂಗಸು ಇದ್ದೂ, ಪ್ರಸೂತಿಶಾಲೆಗೆ ಬಿಟ್ಟ ಮತ್ತರು ಭೂಮಿ ಇಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಪ್ರಸವದಲ್ಲಿ ಮಡಿದವಳ ನೆನಪಿಗೆ ವೀರಗಲ್ಲಿನಂತಹ ಕಲ್ಲನ್ನು ನಿಲ್ಲಿಸುವ ಪದ್ಧತಿಯೂ ಈ ಬಯಲಿನಲ್ಲಿ ರೂಢಿಗೆ ಬರಲಿಲ್ಲ. ತಮಿಳು ನಾಡಿನಲ್ಲಿ ಬಸುರಿಯಾಗಿಯೇ ಸತ್ತವಳ ಹೆಸರಿನಲ್ಲಿ ದಾರಿಹೋಕರು ತಲೆಹೊರೆಯನ್ನು ಇಳಿಸಿಕೊಳ್ಳುವ ಕಲ್ಲನ್ನು ನೆಡುವ ಪದ್ಧತಿಯಿತ್ತು. ಇಳಿಯದೆ ಹೋದ ಭಾರಕ್ಕೆ ಅದು ಪ್ರಾಯಶ್ಚಿತ್ತವೆಂದು ಅಲ್ಲಿನವರು ಬಗೆದರು.

ತಾಂಡಾಗಳ ವಿಷಯಕ್ಕೆ ಬರೋಣ. ಲಂಬಾಣಿಗರು ಎತ್ತುಗಳ ಮೇಲೆ ದವಸವನ್ನೂ ಉಪ್ಪನ್ನೂ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದ ವರ್ತಕರು. ದಖ್ಖಣದ ದಂಡುಗಳಿಗೆ ಅನ್ನವನ್ನೊದಗಿಸಿದವರು ಅವರೇ. 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯವು ಅವರ ಹೇರಾಟವನ್ನು ನಂಬಿಕೊಂಡಿತ್ತು. ಸಾವಿರಾರು ಎತ್ತುಗಳಿರುವ ತಂಡವು ಊರೊಳಗೆ ಇಳಿಯಲಾರದು. ಹುಲ್ಲೂ ನೀರೂ ಇರುವ ಹೊರಬಯಲಿನಲ್ಲಿ, ಗುಡ್ಡದ ಮಗ್ಗುಲಲ್ಲಿ ಬೀಡುಬಿಡುತ್ತಿದ್ದಿತು. ಆಗ ಊರಿನಿಂದ ದೂರವಿರುವುದು ಅವರ ವೃತ್ತಿಯ ಅನುಕೂಲವಾಗಿತ್ತು. 1880ರ ದಶಕದಲ್ಲಿ ಗದಗಿನಿಂದ ಹೊಸಪೇಟೆ ಬಳ್ಳಾರಿಗಳ ಮೂಲಕ ಗುಂತಕಲ್ಲಿಗೆ ರೈಲುಹಾದಿಯು ಬಂದಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಕವಲು ಹಾದಿಯಾಯಿತು. ಹೇರೆತ್ತುಗಳ ಕಾಲವು ಮುಗಿಯಿತು. ಸಾಗುತ್ತಿದ್ದ ತಾಂಡಾವು ನಿಂತಲ್ಲಿಯೇ ನಿಂತಿತು. ರೈಲು ಬಂದುದರಿಂದ ಪಟ್ಟಣಗಳು ಒಂದಕ್ಕೊಂದು ಹತ್ತಿರವಾದವು, ಅದೇ ರೈಲಿನಿಂದ ತಾಂಡಾವು ಎಲ್ಲದಕ್ಕೂ ದೂರವಾಯಿತು. ಹಡಗಲಿಯ ಪೇಟೆಯಂತೂ ಇಂದಿಗೂ ರೈಲನ್ನು ಕಂಡಿಲ್ಲ.

ಈ ಸೀಮೆಯು 1800ರಲ್ಲಿ ನಿಜಾಮನಿಂದ ಕಂಪನಿಗೆ ಬಿಟ್ಟುಕೊಡಲ್ಪಟ್ಟು, 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿದ್ದಿತು. ಪ್ರಸೂತಿವೈದ್ಯದ ಚರಿತ್ರೆಯಲ್ಲಿ ಮದರಾಸಿಗೆ ಮೊದಲ ಪಂಕ್ತಿಯ ಸ್ಥಾನವಿದೆ. ಅಲ್ಲಿನ ಸರ್ಕಾರಿ ಹೆರಿಗೆ ಆಸ್ಪತ್ರೆಯು 1844ರಲ್ಲಿ ತೆರೆಯಿತು. 1854ರಲ್ಲಿ ಅಲ್ಲಿ ಸೂಲಗಿತ್ತಿಯರ ಶಿಕ್ಷಣವು ಮೊದಲಾಯಿತು. ಆದರೆ ಮದರಾಸು ಹಡಗಲಿಗೆ ಮುನ್ನೂರು ಮೈಲಿ. 1876-78ರ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲ ತನ್ನ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಅನ್ನವಿಲ್ಲದ ಸೀಮೆಯಲ್ಲಿ ಮೊದಲು ಸಾಯುವವರಲ್ಲಿ ಬಸುರಿಯೂ ಬಾಣಂತಿಯೂ ಕೂಸೂ ಇರುವರೆಂದು ಬಿಡಿಸಿ ಹೇಳಬೇಕಾಗಿಲ್ಲ. 1926ರಲ್ಲಿ ಮದರಾಸಿನ ಶಾಸನಸಭೆಯು ದಾದಿಯರನ್ನೂ ಸೂಲಗಿತ್ತಿಯರನ್ನೂ ಕುರಿತ ಕಾಯಿದೆಯನ್ನು ಮಾಡಿ, ಶಿಕ್ಷಣ ಪಡೆದವರ ಹೆಸರುಗಳಿಗೆ ದಾಖಲೆ ಪುಸ್ತಕವನ್ನು ಏರ್ಪಡಿಸಿತು. ಸೂಲಗಿತ್ತಿಗೆ ಸರ್ಕಾರಿ ಕಾಗದದಲ್ಲಿ ಹೆಸರು ದೊರೆತುದೇನೋ ನಿಜ. ಆ ಹೆಸರು ತಾಂಡಾದವಳದಾಗಿರಲಿಲ್ಲ.

1946ರಲ್ಲಿ ಭೋರ್ ಸಮಿತಿಯು ವರದಿಯನ್ನೊಪ್ಪಿಸಿದಾಗ ಅಖಂಡ ಭಾರತದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಸ್ತ್ರೀಯರು ಬಸುರು ಬಾಣಂತನಗಳ ಕಾರಣದಿಂದ ಸಾಯುತ್ತಿದ್ದರೆಂದು ಅಂದಾಜು ಮಾಡಲಾಗಿತ್ತು. ಶಿಕ್ಷಣ ಪಡೆದ ಸೂಲಗಿತ್ತಿಯರಿದ್ದುದು ಸುಮಾರು 5,000 ಮಂದಿ. ಲಕ್ಷ ಮಂದಿ ಬೇಕಾಗಿತ್ತು. ಅಷ್ಟು ಮಂದಿ ಸಿದ್ಧರಾಗುವ ತನಕ ಹಳ್ಳಿಯ ಸೂಲಗಿತ್ತಿಗೇ ಶುಚಿತ್ವವನ್ನು ಕಲಿಸಿ ಮುಂದುವರಿಸಬೇಕೆಂದು ಸಮಿತಿಯು ಹೇಳಿತು. ಈ ಸಲಹೆಯು ವಿವೇಕದಿಂದ ಕೂಡಿದ್ದು. ಸೂಲಗಿತ್ತಿಯ ವಿದ್ಯೆಯನ್ನು ಹೊಗಳುವ ಭರದಲ್ಲಿ ಅವಳ ಕುಡುಗೋಲನ್ನು ಮರೆಯಬಾರದಷ್ಟೆ. ಕುದಿಸದ ಕುಡುಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದು, ಮೇಲೆ ಬೂದಿಯನ್ನೋ ಸಗಣಿಯನ್ನೋ ಮೆತ್ತಿದುದರಿಂದ ಧನುರ್ವಾಯು ತಗಲಿ ಸತ್ತ ಕೂಸುಗಳಿಗೆ ಎಣಿಕೆಯಿಲ್ಲ. ಅಡ್ಡಬಿದ್ದ ಶಿಶುವಿನ ಮುಂದೆಯೂ, ನಿಲ್ಲದ ರಕ್ತಸ್ರಾವದ ಮುಂದೆಯೂ ಅವಳ ಕೈ ಸೋಲುತ್ತಿತ್ತು. ಅಲ್ಲಿ ಶಸ್ತ್ರವೂ ಪರರಕ್ತವೂ ಬೇಕು. ಅವೆರಡೂ ಆಸ್ಪತ್ರೆಯ ವಸ್ತುಗಳು. ಆದುದರಿಂದ ಸೂಲಗಿತ್ತಿ ಸಾಕು, ಆಸ್ಪತ್ರೆ ಬೇಡವೆಂಬ ವಾದವು ನನ್ನದಲ್ಲ. ಇಬ್ಬರಲ್ಲಿ ಒಬ್ಬಳನ್ನು ಕಳುಹಿಸಿದ ದಿನವೂ ಮತ್ತೊಬ್ಬಳು ಬಂದ ದಿನವೂ ಒಂದೇ ಆಗಲಿಲ್ಲವೆಂಬುದನ್ನು ಮಾತ್ರ ತೋರಿಸುತ್ತೇನೆ.

ಸ್ವಾತಂತ್ರ್ಯಾನಂತರ ಮೂರು ದಶಕಗಳಲ್ಲಿ ಸಹಾಯಕ ದಾದಿಯರ ಶಿಕ್ಷಣವೂ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ, 1970ರ ದಶಕದಿಂದ ಹಳ್ಳಿಯ ಸೂಲಗಿತ್ತಿಯರಿಗೆ ಕೆಲವು ದಿನಗಳ ತರಬೇತಿಯೂ ನಡೆದವು. ಕತ್ತರಿ, ದಾರ, ಸಾಬೂನುಗಳ ಪೆಟ್ಟಿಗೆಯನ್ನು ಅವರಿಗೆ ಕೊಟ್ಟರು. 1990ರ ದಶಕದ ಕೊನೆಗೆ ಲೋಕದ ವೈದ್ಯರ ಮತವು ಬದಲಾಯಿತು. ಸೂಲಗಿತ್ತಿಯ ತರಬೇತಿಯಿಂದ ತಾಯಂದಿರ ಸಾವು ತಗ್ಗಲಿಲ್ಲ, ನುರಿತ ದಾದಿಯೋ ವೈದ್ಯನೋ ಇರುವಲ್ಲಿಯೇ ಹೆರಿಗೆಯಾಗಬೇಕು ಎಂಬುದು ಹೊಸ ಸಿದ್ಧಾಂತ. ಇದರಂತೆ 2005ರ ಏಪ್ರಿಲಿನಲ್ಲಿ ಜನನಿ ಸುರಕ್ಷಾ ಯೋಜನೆಯು ಬಂದಿತು. ಆಸ್ಪತ್ರೆಯಲ್ಲಿ ಹೆತ್ತ ಗ್ರಾಮಸ್ತ್ರೀಗೆ ಕರ್ನಾಟಕದಲ್ಲಿ 700 ರೂಪಾಯಿ. ಹಳ್ಳಿಗೊಬ್ಬಳಂತೆ ಆಶಾ ಕಾರ್ಯಕರ್ತೆಯು ನೇಮಕವಾದಳು. 2008ರ ನವೆಂಬರಿನಿಂದ 108ರ ಆಂಬುಲೆನ್ಸು ಓಡತೊಡಗಿತು. ಇವುಗಳ ಫಲವು ಅಲ್ಪವಾದುದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ವೇಳೆಗೆ ಅವು 97 ಆದವು. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001-03ರಲ್ಲಿ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು. ಇದನ್ನು ಕಂಡೂ ಕಾಣದಂತೆ ಬರೆಯುವುದು ಚರಿತ್ರಕಾರನ ಧರ್ಮವಲ್ಲ. ಆದರೆ ಅದೇ ಕಾಲದಲ್ಲಿ ಕೇರಳದ ಸಂಖ್ಯೆಯು 19.

ಯೋಜನೆಯ ನಿಬಂಧನೆಗಳನ್ನು ಓದುವಾಗ ನನಗೆ ಸೂತಿಕಾಗಾರದ ನಾಲ್ಕು ಬಣ್ಣದ ಮಣ್ಣು ನೆನಪಿಗೆ ಬಂದಿತು. ಕರ್ನಾಟಕದಂತಹ ರಾಜ್ಯಗಳಲ್ಲಿ ಹಣ ಪಡೆಯಲು ತಾಯಿಗೆ 19 ವರ್ಷ ತುಂಬಿರಬೇಕೆಂದೂ, ಎರಡು ಜೀವಂತ ಜನನಗಳಿಗೆ ಮಾತ್ರ ಅದು ಸಲ್ಲುವುದೆಂದೂ ಮೊದಲಿಗೆ ವಿಧಿಸಿದ್ದರು. ಎಳೆಯ ವಯಸ್ಸಿನ ಚೊಚ್ಚಲು ಬಸುರಿಯೂ, ನಾಲ್ಕಾರು ಹೆತ್ತು ಬಳಲಿದವಳೂ ಹೆರಿಗೆಯಲ್ಲಿ ಹೆಚ್ಚು ಅಪಾಯಕ್ಕೆ ಗುರಿಯಾಗುವವರೆಂಬುದು ಸರ್ವವಿದಿತ. ನಿಬಂಧನೆಯು ಹೊರಗಿಟ್ಟುದು ಅವರಿಬ್ಬರನ್ನೇ.

ಆರೋಗ್ಯ ಉಪಕೇಂದ್ರದ ಲೆಕ್ಕವೂ ಹೀಗೆಯೇ. ಬಯಲುನಾಡಿನಲ್ಲಿ 5,000 ಜನಕ್ಕೊಂದು, ಗುಡ್ಡಗಾಡು ಮತ್ತು ಬುಡಕಟ್ಟಿನ ಪ್ರದೇಶಗಳಲ್ಲಿ 3,000 ಜನಕ್ಕೊಂದು ಉಪಕೇಂದ್ರವೆಂಬುದು ನಿಯಮ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವೊಂದೂ ಇಲ್ಲ. ಹಡಗಲಿ ಕೂಡ್ಲಿಗಿಗಳು ಗುಡ್ಡಗಾಡೂ ಅಲ್ಲ. ಬೇಡ ನಾಯಕರನ್ನು 1991ರಲ್ಲಿ ಪರಿಶಿಷ್ಟ ಪಂಗಡಗಳಲ್ಲಿ ಸೇರಿಸಿದರೂ, ಅವರ ಹಟ್ಟಿಯ ನೆಲವು ಬಯಲೆಂದೇ ಎಣಿಕೆಯಾಯಿತು. ತಾಂಡಾದ ಕಥೆಯು ಇನ್ನೂ ವಿಚಿತ್ರವಾಗಿದೆ. ಅನೇಕ ತಾಂಡಾಗಳು ಕಂದಾಯದ ಪುಸ್ತಕದಲ್ಲಿ ಗ್ರಾಮಗಳೇ ಆಗಿರಲಿಲ್ಲ. ಯಾವುದೋ ಊರಿನ ಸರ್ವೆ ನಂಬರಿನಲ್ಲಿ ಅಡಗಿದ್ದವು. ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಮನೆಯ ಹಕ್ಕನ್ನು ಕೊಡುವ ಭೂಸುಧಾರಣಾ ತಿದ್ದುಪಡಿಯು 2017ರಲ್ಲಿ ಬಂದ ಮೇಲೆ ಅವುಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸಕ್ಕೆ ಬಲ ಬಂದಿತು. ಊರೆಂದು ಬರೆಯದ ಊರಿಗೆ ರಸ್ತೆಯನ್ನೂ ಅಂಗನವಾಡಿಯನ್ನೂ ಕೇಳುವವರಾರು?

ಹೆಸರಿನ ಈ ತೊಡಕು ಗುಳೆ ಹೋಗುವಾಗ ಇಮ್ಮಡಿಯಾಗುತ್ತದೆ. ಮಳೆಯನ್ನು ನಂಬಿದ ಈ ಸೀಮೆಯ ತಾಂಡಾಗಳಿಂದ ಸುಗ್ಗಿ ತೀರಿದೊಡನೆ ಗಂಡುಹೆಣ್ಣುಗಳಾದಿಯಾಗಿ ಕಬ್ಬು ಕಡಿಯಲು ಮಂಡ್ಯಕ್ಕೂ ಮಹಾರಾಷ್ಟ್ರಕ್ಕೂ, ಕಾಫಿ ತೋಟದ ಕೆಲಸಕ್ಕೆ ಚಿಕ್ಕಮಗಳೂರಿಗೂ ಹೋಗುವುದುಂಟು. ಬಸುರಿಯರೂ ಹೋಗುತ್ತಾರೆ. ಆತ್ರೇಯನು ಬೇಡವೆಂದ ಒನಕೆಯ ಜಾಗದಲ್ಲಿ ಇಲ್ಲಿ ಕಬ್ಬಿನ ಹೊರೆಯಿರುತ್ತದೆ. ತಾಯಿ ಕಾರ್ಡು ಹಡಗಲಿಯ ಕಡೆಯದು, ಬೇನೆ ಬರುವುದು ಬೇರೆ ಜಿಲ್ಲೆಯ ಗದ್ದೆಯಲ್ಲಿ. ಅಷ್ಟೇ ಅಲ್ಲ: ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಭಾಷೆಯನ್ನಾಡುವ ಒಂದೇ ಜನವು ಮೂರು ಪಟ್ಟಿಗಳಲ್ಲಿ ಮೂರು ಹೆಸರಿನಿಂದಿದೆ. ಜಾತಿಯನ್ನೂ ಬಡತನವನ್ನೂ ನೋಡಿ ಕೊಡುವ ನೆರವಾದುದರಿಂದ, ಗಡಿ ದಾಟಿದ ಬಸುರಿಯು ಪಟ್ಟಿಯೊಂದರಿಂದ ಜಾರಿಬೀಳುತ್ತಾಳೆ.

ಆಸ್ಪತ್ರೆಯ ಬಾಗಿಲನ್ನು ಮುಟ್ಟಿದವರ ಗತಿಯೇನಾಯಿತೆಂಬುದಕ್ಕೆ ನದಿಯಾಚೆಯ ಕೊಪ್ಪಳ ಜಿಲ್ಲೆಯಲ್ಲಿ ನಡೆದ ಶೋಧನೆಯು ಬೆಳಕು ಚೆಲ್ಲುತ್ತದೆ. ಆಶಾ ಜಾರ್ಜ್ ಎಂಬ ವಿದುಷಿಯು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಲ್ಲಿ ತಾಯಂದಿರ ಸಾವು ತಗ್ಗದಿರುವುದಕ್ಕೆ ಜನರ ಅಜ್ಞಾನಕ್ಕಿಂತ ಹೆಚ್ಚಾಗಿ ಸೇವೆಯೊಳಗಿನ ಲೋಪಗಳೇ ಕಾರಣವೆಂದು ನಿರೂಪಿಸಿದ್ದಾರೆ. ಸಂಕಟಕ್ಕೆ ಸಿಕ್ಕ ಹೆಂಗಸನ್ನು ಒಂದು ಕಡೆಯಿಂದ ಮತ್ತೊಂದು ಕಡೆಗೆ ಕಳುಹಿಸುತ್ತ ಹೋಗುವುದರಲ್ಲಿಯೇ ಕಾಲವು ಕಳೆದುಹೋಗುತ್ತದೆ. ಹಡಗಲಿಯಿಂದ ಹೊಸಪೇಟೆ, ಅಲ್ಲಿಂದ ಬಳ್ಳಾರಿ. ವೈದ್ಯಕೀಯ ಕಾಲೇಜು 1961ರಿಂದ ಇರುವುದು ಬಳ್ಳಾರಿಯಲ್ಲಿ. ಹಡಗಲಿಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಮಿಗಿಲು. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾಗಿ ಹೊಸಪೇಟೆಯು ಅದರ ಮುಖ್ಯಸ್ಥಳವಾಯಿತಾದರೂ, ಕಠಿಣವಾದ ಹೆರಿಗೆಗೆ ಬಳ್ಳಾರಿಯ ದಾರಿಯು ತಪ್ಪಲಿಲ್ಲ. ಆ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 2024ರ ನವೆಂಬರಿನಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತವರಲ್ಲಿ ಐವರು ಬಾಣಂತಿಯರು ಕೆಲವು ವಾರಗಳೊಳಗೆ ತೀರಿಕೊಂಡರು. ರಕ್ತನಾಳಕ್ಕೆ ಹನಿಸುವ ದ್ರಾವಣದ ಮೇಲೆ ಸಂದೇಹವುಂಟಾಗಿ, ಸರ್ಕಾರವು ಅದರ ಬಳಕೆಯನ್ನು ನಿಲ್ಲಿಸಿತು. ದೂರವನ್ನು ಕ್ರಮಿಸಿ, ಹೇಳಿದಂತೆ ಕೇಳಿ, ಬಾಗಿಲೊಳಗೆ ಹೋದವರು ಅವರು. ಉಗುರು ಕತ್ತರಿಸಿಕೊಳ್ಳಬೇಕೆಂಬ ಹಳೆಯ ನಿಯಮದ ತತ್ತ್ವವು ಗಾಜಿನ ಸೀಸೆಗೂ ಸಲ್ಲುತ್ತದೆ.

ಇಷ್ಟರಲ್ಲಿ ಸೂಲಗಿತ್ತಿಯು ಏನಾದಳು? 2005ರ ಅನಂತರ ಅವಳಿಗೆ ತರಬೇತಿಯೂ ನಿಂತಿತು, ಪೆಟ್ಟಿಗೆಯೂ ನಿಂತಿತು. ಮನೆಯಲ್ಲಿ ಹೆರಿಗೆ ಮಾಡಿಸಿದವಳು ತಪ್ಪಿತಸ್ಥಳೆಂಬ ಭಾವನೆಯು ಬೆಳೆಯಿತು. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಲೆಮಾರಿ ಕುಲದಲ್ಲಿ ಹುಟ್ಟಿ, ಅಜ್ಜಿ ಮರಿಗೆಮ್ಮನವರಿಂದ ವಿದ್ಯೆಯನ್ನು ಕಲಿತು, ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಹೆರಿಗೆಯನ್ನು ಮಾಡಿಸಿ, ಮುಂದೆ ಏಳು ದಶಕಗಳ ಕಾಲ ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನೂ ಕೊಟ್ಟಿತು. ಆ ವರ್ಷವೇ ಡಿಸೆಂಬರ್ 25ರಂದು ಅವರು 98ನೆಯ ವಯಸ್ಸಿನಲ್ಲಿ ಕಾಲವಾದರು. ಅವರಿಗೆ ಪ್ರಶಸ್ತಿ ಕೊಟ್ಟ ಸರ್ಕಾರದ ಯೋಜನೆಗಳಲ್ಲಿ ಅವರ ಕಸುಬಿಗೆ ಆಗ ಸ್ಥಾನವಿರಲಿಲ್ಲ. ಅದೇ 2018ರ ಡಿಸೆಂಬರಿನಲ್ಲಿಯೇ ಕೇಂದ್ರದ ಆರೋಗ್ಯ ಇಲಾಖೆಯು, ದಾದಿಯರಿಗೆ ವಿಶೇಷ ಶಿಕ್ಷಣವನ್ನಿತ್ತು ಸಹಜ ಹೆರಿಗೆಗಳನ್ನು ಅವರ ಕೈಗೇ ಒಪ್ಪಿಸುವ ಹೊಸ ಮಾರ್ಗಸೂಚಿಯನ್ನು ಹೊರಡಿಸಿತು. ಹೆರುವವಳ ಬಳಿ ಕುಳಿತು ಕಾಯುವ ಕೈಯೊಂದು ಬೇಕೆಂಬುದನ್ನು ಹದಿಮೂರು ವರ್ಷಗಳ ಮೇಲೆ ಮತ್ತೆ ಒಪ್ಪಿಕೊಂಡಂತಾಯಿತು.

ಬೇರೊಂದು ದಾರಿಯು ಕನ್ನಡನಾಡಿನಲ್ಲಿಯೇ ಇದ್ದಿತು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು, ಸೋಲಿಗರ ಸಂಪ್ರದಾಯದ ಕುಕ್ಕುರುಗಾಲಿನ ಹೆರಿಗೆಯನ್ನು ಹಳಿಯದೆ, ಬುಡಕಟ್ಟಿನ ಹೆಣ್ಣುಮಕ್ಕಳಿಗೇ ದಾದಿಯ ಶಿಕ್ಷಣವನ್ನು ಕೊಟ್ಟು ಅವರವರ ನೆಲೆಗಳಲ್ಲಿಯೇ ನಿಲ್ಲಿಸಿತು. ಪೋಡಿನ ಹೆಂಗಸು ತನ್ನ ಭಾಷೆಯಲ್ಲಿಯೇ ಬೇನೆಯನ್ನು ಹೇಳಿಕೊಳ್ಳಬಹುದಾಯಿತು.

ತಾಂಡಾದ ಬಾಣಂತಿಯ ಮಾತು ಗೋರಮಾಟಿಯದು. ಹಡಗಲಿ ಸೀಮೆಯ ವೃದ್ಧ ಸೂಲಗಿತ್ತಿಯರು ಬೇನೆಯ ಬಗೆಗಳಿಗೆ, ಮಾಸಿಗೆ, ಕೂಸಿನ ಮೊದಲ ಅಳುವಿಗೆ, ಹೊರಸಿನ ಕೆಳಗಿಡುವ ಕೆಂಡಕ್ಕೆ ಆ ಭಾಷೆಯಲ್ಲಿಯೂ, ಬೇಡರ ಹಟ್ಟಿಯವರು ತಮ್ಮ ಕನ್ನಡ ತೆಲುಗುಗಳಲ್ಲಿಯೂ ಬಳಸುವ ಪದಗಳನ್ನು ಯಾವ ನಿಘಂಟೂ ಇದುವರೆಗೆ ಒಟ್ಟಾಗಿ ತರಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಎಂಬತ್ತು ದಾಟಿದೆ. ಪದಸಂಗ್ರಹದಲ್ಲಿ ಆಸಕ್ತಿಯುಳ್ಳ ಕನ್ನಡ ಉಪಾಧ್ಯಾಯರು, ಅದರಲ್ಲಿಯೂ ಉಪಾಧ್ಯಾಯಿನಿಯರು, ಮೈಲಾರದ ಜಾತ್ರೆಯ ರಜೆಯಲ್ಲಿ ಹತ್ತಿರದ ತಾಂಡಾಗಳಿಗೆ ಹೋಗಿ ಬರೆದುಕೊಂಡು ಬಂದರೆ, ಈ ಪತ್ರಿಕೆಯಲ್ಲಿ ಅವುಗಳಿಗೆ ಸ್ಥಳವು ದೊರೆಯುವುದೆಂದು ನಂಬಿದ್ದೇನೆ.